ಹೆಂಗೂ ಬಿಚ್ಚಿದ್ದೀವಲ್ಲ!

ಹಳೇ ಫೋರ್‌ವೀಲ್ ಜೀಪು ಇಟ್ಟುಕೊಂಡವರ ಹತ್ತಿರ ಎರಡು ಪ್ರಶ್ನೆ ಕೇಳಬಾರದು. ಮೈಲೇಜ್ ಎಷ್ಟು ಕೊಡುತ್ತೆ ಅನ್ನುವುದು ಒಂದು. ಇಲ್ಲಿವರೆಗೆ ಎಷ್ಟು ಖರ್ಚಾಯಿತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಕ್ಕು ಸುಮ್ಮನಾಗುತ್ತಾರೆ. ಎರಡನೆಯದಕ್ಕೆ ಹಿಂದೆ ಮುಂದೆ ನೋಡಿ, ಹೆಂಡತಿ ಅಕ್ಕಪಕ್ಕ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೂ ಸುಳ್ಳನ್ನೇ ಹೇಳುತ್ತಾರೆ. ಕೇಳಬೇಕಾದದ್ದು ಬೇರೆ: "ಈಗ ಏನು ಕೆಲಸ ನಡೀತಾ ಇದೆ?" ಅಷ್ಟು ಕೇಳಿ, ಒಂದು ಕುರ್ಚಿ ಎಳೆದುಕೊಂಡು ಕೂತುಬಿಡಿ. ಊಟ ಅಲ್ಲೇ ಆಗುತ್ತದೆ.

ನಮ್ಮ ಭಾವ ಈ ಜೀಪಿನ ಮಠದ ಹಿರಿಯ ಶಿಷ್ಯರು. ಮೂಡಿಗೆರೆಯಿಂದ ಆಚೆ ಕಾಫಿ ತೋಟ, ಹಳೇ ಹೆಂಚಿನ ಮನೆ, ಮನೆ ಮುಂದೆ ಅಗಲವಾದ ಕಣ. ಕೊಯ್ಲಿನ ಕಾಲದಲ್ಲಿ ಆ ಕಣದ ತುಂಬ ಕಾಫಿ ಒಣಗುತ್ತದೆ. ಮಿಕ್ಕ ತಿಂಗಳುಗಳಲ್ಲಿ ಜೀಪು ಒಣಗುತ್ತದೆ, ಅಂದರೆ ಜೀಪಿನ ಬಿಡಿಭಾಗಗಳು, ಗೋಣಿಚೀಲದ ಮೇಲೆ ಸಾಲಾಗಿ. "ಕಾಫಿನಾದ್ರೂ ಒಣಗಿದ ಮೇಲೆ ಚೀಲ ಸೇರುತ್ತೆ ಕಣೋ. ಇದು ಯಾವತ್ತೂ ಸೇರಲ್ಲ" ಎನ್ನುತ್ತಾಳೆ ಅಕ್ಕ. ಭಾವನಿಗೆ ಅದು ಕೇಳಿಸುವುದಿಲ್ಲ. ಕಿಂಗ್ ಪಿನ್ನು ಕಿರ್ ಅಂದರೆ ಮಾತ್ರ ಒಳಕೋಣೆಯಲ್ಲಿ ಮಲಗಿದ್ದರೂ ಕೇಳಿಸುತ್ತದೆ.

ಹೊರಗಿನವರ ಕಣ್ಣಿಗೆ ಎಲ್ಲವೂ ಜೀಪೇ. ಒಳಗಿನವರಲ್ಲಿ ಮೇಲು ಕೀಳು ಬಹಳ. ಎಲ್ಲರಿಗಿಂತ ಎತ್ತರದ ಪೀಠ ವಿಲ್ಲೀಸ್‌ನವರದು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದ ಗಾಡಿ ಅದು. ಅದರ ಕೆಳಗೆ ಮಹೀಂದ್ರಾದ 3ಬಿ, ಆಮೇಲೆ 540, 550, ಕ್ಲಾಸಿಕ್, ಮೇಜರ್. ಉದ್ದ ಬಾಡಿಯ ಕಮಾಂಡರಿಗೆ ಪಂಕ್ತಿಯ ಕೊನೆಯಲ್ಲಿ ಎಲೆ. ಜಿಪ್ಸಿಯವರು ಬೇರೆ ಮತಸ್ಥರು, ಅವರ ಸುದ್ದಿಗೆ ಆಮೇಲೆ ಬರೋಣ.

ವಿಲ್ಲೀಸ್ ಇದೆ ಎನ್ನುವ ಪ್ರತಿಯೊಂದು ಮನೆಯಲ್ಲೂ ಒಬ್ಬ ಅಜ್ಜ ಇರುತ್ತಾರೆ. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಹಿಡಿದು, ಬೆಂಗಳೂರಿನಿಂದ ಒಂದೇ ಉಸಿರಿಗೆ ಘಟ್ಟದ ಅಂಚಿನವರೆಗೆ ಓಡಿಸಿಕೊಂಡು ಬಂದ ಅಜ್ಜ. ಕಥೆ ಪೂರ್ತಿ ಬುರುಡೆ ಎನ್ನಲೂ ಆಗದು. ಯುದ್ಧಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯೇ ಅಮೆರಿಕನ್ ವಾಯುಪಡೆಯ ವಿಮಾನ ದುರಸ್ತಿ ಡಿಪೋ ಆಗಿತ್ತು. ಯುದ್ಧ ಮುಗಿದ ಮೇಲೆ ಮಿಕ್ಕ ಜೀಪುಗಳು ದೇಶದ ತುಂಬ ಹರಾಜಾದದ್ದೂ ನಿಜ. ಆದರೆ ನಾನು ಕೇಳಿದ ಕಥೆಗಳಷ್ಟು ಅಜ್ಜಂದಿರು ಅಲ್ಲಿಗೆ ಹೋಗಿದ್ದರೆ ಹರಾಜಿನಲ್ಲಿ ಜೀಪಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಅಜ್ಜನ ಕಥೆ ಪರೀಕ್ಷಿಸುವ ವಿಧಾನವೂ ಈ ಮಠದಲ್ಲಿದೆ. ಮೊದಲು ಮುಂದಿನ ಗ್ರಿಲ್ಲಿನ ಸೀಳುಗಳನ್ನು ಎಣಿಸಬೇಕು. ಯುದ್ಧದ ಜೀಪಿಗೆ ಒಂಬತ್ತು, ಆಮೇಲೆ ಬಂದ ನಾಗರಿಕ ಮಾಡೆಲ್ಲುಗಳಿಗೆ ಏಳು. ಏಳೇ ಇದ್ದರೆ, "ಅದು ಮಧ್ಯದಲ್ಲಿ ಆಕ್ಸಿಡೆಂಟ್ ಆಗಿ ಬದಲಾಯಿಸಿದ್ದು." ಯುದ್ಧದ ಜೀಪಿಗೆ ಸ್ಟೀರಿಂಗ್ ಎಡಕ್ಕೆ. ಇದಕ್ಕೆ ಬಲಕ್ಕಿದೆಯಲ್ಲ? "ಅಜ್ಜ ಆಗಲೇ ಬಲಕ್ಕೆ ಹಾಕಿಸಿದ್ರು." ಕರೆಂಟು ಆರು ವೋಲ್ಟಿನದಿರಬೇಕಿತ್ತಲ್ಲ? "ಸೆಲ್ಫ್ ಎತ್ತಲ್ಲ ಅಂತ ಅಪ್ಪ ಹನ್ನೆರಡಕ್ಕೆ ಮಾಡಿಸಿದ್ರು." ಫೋರ್ಡ್ ಕಂಪನಿಯವರು ತಮ್ಮ ಕಾರ್ಖಾನೆಯ ಜೀಪಿನ ಬೋಲ್ಟುಗಳ ಮೇಲೂ ಇಂಗ್ಲಿಷಿನ ಎಫ್ ಅಕ್ಷರ ಒತ್ತುತ್ತಿದ್ದರು. ಭಾವನ ಸ್ನೇಹಿತರೊಬ್ಬರು ಕರೆಂಟು ಹೋದ ರಾತ್ರಿಗಳಲ್ಲಿ ಟಾರ್ಚು ಹಿಡಿದು ಗಾಡಿಯಡಿ ಮಲಗಿ ಎಫ್ ಹುಡುಕುತ್ತಾರೆ. ಒಂದು ಸಿಕ್ಕಿದೆಯಂತೆ. ಆ ಬೋಲ್ಟನ್ನು ತೆಗೆದು ದೇವರ ಕೋಣೆಯಲ್ಲಿಟ್ಟು, ಅದರ ಜಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯ ಬೋಲ್ಟು ಹಾಕಿದ್ದಾರೆ.

ಆ ಯುದ್ಧದ ಜೀಪಿನಲ್ಲಿ ನನಗೆ ಬಹಳ ಇಷ್ಟವಾದ ಏರ್ಪಾಡೊಂದಿದೆ. ಅದರ ಹೆಡ್‌ಲೈಟುಗಳನ್ನು ಒಂದು ತಿರುಪು ಸಡಿಲಿಸಿ ಹಿಂದಕ್ಕೆ ಮಡಚಬಹುದು. ಆಗ ಬೆಳಕು ರಸ್ತೆಗೆ ಬೀಳದೆ ಇಂಜಿನ್ನಿನ ಮೇಲೆ ಬೀಳುತ್ತದೆ. ಈ ಗಾಡಿ ರಾತ್ರಿ ಹೊತ್ತು ದಾರಿಯಲ್ಲಿ ನಿಂತೇ ನಿಲ್ಲುತ್ತದೆ, ಬಾನೆಟ್ ಎತ್ತಿ ನಾಲ್ಕು ಜನ ಬಗ್ಗಿಯೇ ಬಗ್ಗುತ್ತಾರೆ ಎಂದು 1941ರಲ್ಲೇ ಯಾರಿಗೋ ಗೊತ್ತಿತ್ತು.

ನಮ್ಮಲ್ಲಿ ಈ ವಂಶ ಬೆಳೆಸಿದವರು ಮಹೀಂದ್ರಾದವರು. 1945ರಲ್ಲಿ ಲುಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದಾಗ ಕಂಪನಿಯ ಹೆಸರು ಮಹೀಂದ್ರಾ ಆ್ಯಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾಗಿ, ಮುಂದೆ ಗವರ್ನರ್ ಜನರಲ್ಲೂ ಆದರು. ಇಲ್ಲಿ ಉಳಿದವರು 1948ರಲ್ಲಿ ಇನ್ನೊಂದು ಮಹೀಂದ್ರಾ ಸೇರಿಸಿಕೊಂಡು, ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸುತ್ತಾ ಕೂತರು. ಎತ್ತರದ ಹೊಸ ಇಂಜಿನ್ ಹಿಡಿಸಬೇಕೆಂದು ಅಮೆರಿಕದವರು ಬಾನೆಟ್ಟನ್ನು ಮೇಲಕ್ಕೆತ್ತಿದರು, ಅದೇ ನಮ್ಮ ಎತ್ತರ ಹಣೆಯ 3ಬಿ. ಅವರು ಅದನ್ನು 1968ಕ್ಕೆ ನಿಲ್ಲಿಸಿದರು. ನಾವು ನಿಲ್ಲಿಸಲಿಲ್ಲ. ಪೆಟ್ರೋಲ್ ಇಂಜಿನ್ ತೆಗೆದು ಟ್ರ್ಯಾಕ್ಟರ್ ವಂಶದ ಡೀಸೆಲ್ ಇಟ್ಟೆವು, ಆಮೇಲೆ ಫ್ರಾನ್ಸಿನ ಪ್ಯೂಜೊ ಡೀಸೆಲ್ ಇಟ್ಟೆವು, ಹೊಸ ಹೊಸ ನಂಬರು ಕೊಟ್ಟು ಮುಂದಿನ ಶತಮಾನ ತೋರಿಸಿದೆವು. ಕಂಪನಿಯೇ ಇಷ್ಟು ಬಿಚ್ಚಿ ಜೋಡಿಸಿರುವಾಗ ಕೊಂಡವರು ಸುಮ್ಮನಿರುತ್ತಾರೆಯೇ?

ಭಾವನ ಗಾಡಿ ಆರ್‌ಸಿ ಪುಸ್ತಕದ ಪ್ರಕಾರ ಎಪ್ಪತ್ತರ ದಶಕದ 3ಬಿ. ಇಂಜಿನ್ 540ರ ಪ್ಯೂಜೊ, 2112 ಸಿಸಿ, 62 ಕುದುರೆ. ಅದನ್ನು ಆರ್‌ಸಿಯಲ್ಲಿ ಬರೆಸಿದ್ದಾರೆ, ಆ ವಿಷಯದಲ್ಲಿ ಭಾವ ಕಟ್ಟುನಿಟ್ಟು. ಗೇರ್‌ಬಾಕ್ಸು ಇನ್ನೊಂದು ಗಾಡಿಯದು. ಹಿಂದಿನ ಹೌಸಿಂಗು ಮತ್ತೊಂದರದು. ಸ್ಟೀರಿಂಗು ಬೊಲೆರೊದ ಪವರ್ ಸ್ಟೀರಿಂಗು. ಬಾಡಿಯ ಟಬ್ಬು ಟಿಂಕರಿಂಗ್ ಶೆಡ್ಡಿನಲ್ಲಿ ಹೊಸ ತಗಡಿನಲ್ಲಿ ಮಾಡಿಸಿದ್ದು. ಚಾಸಿಗೆ ತುಕ್ಕು ಹಿಡಿದು ಎರಡೂ ಬದಿಗೆ ಪಟ್ಟಿ ಕೂರಿಸಿ ವೆಲ್ಡಿಂಗ್ ಆಗಿದೆ. "ಹಾಗಾದ್ರೆ ಇದರಲ್ಲಿ ಒರಿಜಿನಲ್ ಏನಿದೆ ಭಾವ?" ಎಂದರೆ ಬಗ್ಗಿ, ಬಟ್ಟೆಯಿಂದ ಒರೆಸಿ, ಚಾಸಿ ನಂಬರ್ ಕೆತ್ತಿದ ಅಂಗೈ ಅಗಲದ ಕಬ್ಬಿಣ ತೋರಿಸುತ್ತಾರೆ. ಸುತ್ತ ನಿಂತವರು ಕೈ ಮುಗಿಯುವುದೊಂದು ಬಾಕಿ.

ಆದರೂ "ಒರಿಜಿನಲ್ ಹಾಳು ಮಾಡಬಾರದು ಮಾರಾಯ" ಎನ್ನುವುದು ಅವರು ದಿನಕ್ಕೆ ಹಲವು ಸಲ ಆಡುವ ಮಾತು. ಹಾಳಾಗಲು ಏನಾದರೂ ಇದ್ದರಲ್ಲವೇ ಎಂದು ನಾನು ಕೇಳುವುದಿಲ್ಲ. ರಾತ್ರಿ ಅಲ್ಲೇ ಮಲಗಬೇಕಾಗಿರುತ್ತದೆ.

ಈ ಬೆಳವಣಿಗೆ ಒಂದೇ ದಿನ ಆದದ್ದಲ್ಲ, ಯಾರೂ ಯೋಜನೆ ಹಾಕಿ ಮಾಡಿದ್ದೂ ಅಲ್ಲ. ಇದರ ಹಿಂದೆ ಒಂದು ಮಂತ್ರವಿದೆ. ಮುಂದಿನ ಹಬ್ಬಿನಲ್ಲಿ ಆಯಿಲ್ ಸೀಲ್ ಒಸರುತ್ತಿರುತ್ತದೆ. ಸೀಲಿನ ಬೆಲೆ ಒಂದು ಸಿನಿಮಾ ಟಿಕೆಟ್ಟಿನಷ್ಟು. ಅದನ್ನು ಹಾಕಲು ಚಕ್ರ ಬಿಚ್ಚುತ್ತಾರೆ, ಡ್ರಮ್ಮು ಬಿಚ್ಚುತ್ತಾರೆ. ಆಗ ಮೇಸ್ತ್ರಿ ಎದ್ದು ನಿಂತು, ಕೈ ಒರೆಸಿಕೊಂಡು, ಬೀಡಿ ಹಚ್ಚಿ, ಆಕಾಶ ನೋಡುತ್ತಾ ಹೇಳುತ್ತಾನೆ: "ಹೆಂಗೂ ಬಿಚ್ಚಿದ್ದೀವಲ್ಲ ಸಾರ್, ಬೇರಿಂಗೂ ನೋಡ್ಬಿಡೋಣ." ಬೇರಿಂಗಿಗೆ ಕೈ ಹಾಕಿದರೆ ಕಿಂಗ್ ಪಿನ್ ಸವೆದಿರುತ್ತದೆ. ಹೆಂಗೂ ಬಿಚ್ಚಿದ್ದೀವಲ್ಲ. ಕಿಂಗ್ ಪಿನ್ ಬದಲಾಯಿಸಲು ಹೊರಟರೆ ಸ್ಪ್ರಿಂಗ್ ಪ್ಲೇಟಿನ ಬುಷ್ಷು ಉದುರಿ ಕೈಗೆ ಬರುತ್ತದೆ. ಹೆಂಗೂ ಬಿಚ್ಚಿದ್ದೀವಲ್ಲ. ಸ್ಪ್ರಿಂಗ್ ಇಳಿಸಿದ ಮೇಲೆ ಚಾಸಿ ಬೋಳಾಗಿ ಕಾಣುತ್ತದೆ, ಒಂದು ಕೋಟು ಪೇಂಟು ಹೊಡೆದುಬಿಟ್ಟರೆ? ಹೊಡೆಯುವಾಗ ಬಾಡಿ ಅಡ್ಡ. ಸೀಲಿಗೆಂದು ಸೋಮವಾರ ಶೆಡ್ಡಿಗೆ ಹೋದ ಗಾಡಿ ಮುಂದಿನ ಸಂಕ್ರಾಂತಿಗೆ ಬೇರೆ ಬಣ್ಣದಲ್ಲಿ ಮನೆಗೆ ಬರುತ್ತದೆ. ಬಂದ ದಿನ ಸಂಜೆ ಅಂಗಳದಲ್ಲಿ ನೋಡಿದರೆ ಅದೇ ಹಬ್ಬಿನ ಕೆಳಗೆ ರೂಪಾಯಿ ಅಗಲ ಆಯಿಲ್.

"ಆಯಿಲ್ ಸೋರ್ತಿದೆ ಅಂದ್ರೆ ಒಳಗೆ ಆಯಿಲ್ ಇದೆ ಅಂತ ಅರ್ಥ" ಎಂದು ಭಾವ ಸಮಾಧಾನ ಹೇಳುತ್ತಾರೆ. ಇದು ಅವರೊಬ್ಬರ ಮಾತಲ್ಲ. ಜಗತ್ತಿನ ಹಳೇ ಜೀಪಿನವರೆಲ್ಲ ಬೇರೆ ಬೇರೆ ಭಾಷೆಯಲ್ಲಿ ಇದನ್ನೇ ಹೇಳಿಕೊಂಡು ನಿದ್ದೆ ಮಾಡುತ್ತಾರೆ.

ಬೆಂಗಳೂರಿನಲ್ಲಿ ಇರುವ ತಪ್ಪಿಗೆ ಬಿಡಿಭಾಗ ತರುವ ಜವಾಬ್ದಾರಿ ನನ್ನದು. ಮುರಿದ ಸ್ಯಾಂಪಲ್ಲು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತಾರೆ, ಗ್ರೀಸು ಪೇಪರು ದಾಟಿ ನನ್ನ ಆಫೀಸಿನ ಬ್ಯಾಗಿನಲ್ಲಿ ನೆಲೆಸುತ್ತದೆ. ಜೆ.ಸಿ. ರಸ್ತೆಯ ಅಂಗಡಿಯವರು "ಯಾವ ವರ್ಷದ ಗಾಡಿ?" ಎಂದು ಕೇಳುತ್ತಾರೆ. ಇದಕ್ಕೆ ಏನು ಹೇಳುವುದು? ಎಡಗಡೆ ಯಾವ ವರ್ಷ, ಬಲಗಡೆ ಯಾವ ವರ್ಷ ಎಂದು ಕೇಳಿದ್ದರೆ ಹೇಳಬಹುದಿತ್ತು. ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ. ಅಲ್ಲಿ ತಿರುಗುವಾಗ ನನ್ನ ಹಾಗೇ ಪೇಪರಿನ ಪೊಟ್ಟಣ ಹಿಡಿದ, ಇಸ್ತ್ರಿ ಅಂಗಿಯ ಮೇಲೆ ಕರೀ ಕಲೆಯ ಭಾಮೈದಂದಿರು, ಅಳಿಯಂದಿರು ಬೇಕಾದಷ್ಟು ಜನ ಸಿಗುತ್ತಾರೆ. ನಾವು ಮಾತಾಡುವುದಿಲ್ಲ. ಕಣ್ಣಿನಲ್ಲೇ ಅರ್ಥವಾಗುತ್ತದೆ.

ಇನ್ನು ಶೃಂಗಾರ. ಜೀಪು ನಡೆಯುವುದು ಮೇಸ್ತ್ರಿಯ ಕೃಪೆಯಾದರೆ, ಮೆರೆಯುವುದು ಮಾಲೀಕನ ಚಪಲ. ಮೊದಲು ಟೈರು. ಕಂಪನಿಯವರು ಕೊಟ್ಟದ್ದು ಹದಿನಾರು ಇಂಚಿನ ರಿಮ್ಮಿಗೆ ಸಣಕಲು ಟೈರು. ಕೆಸರಿನಲ್ಲಿ ಸಣಕಲು ಟೈರು ಮೇಲ್ಪದರ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಆದರೆ ಫೋಟೋದಲ್ಲಿ ಅದು ಕಾಣುವುದಿಲ್ಲವಲ್ಲ. ಆದ್ದರಿಂದ ಮೂವತ್ತೊಂದು ಇಂಚಿನ ಗಂಟುಗಂಟಿನ ಟೈರು. ಟೈರು ಫೆಂಡರಿಗೆ ತಾಗುತ್ತದೆ, ಆದ್ದರಿಂದ ಸ್ಪ್ರಿಂಗಿನ ಕೊನೆಯ ಶ್ಯಾಕಲ್ಲು ಉದ್ದ ಮಾಡಿ ಗಾಡಿ ಎತ್ತಬೇಕು. ಎತ್ತಿದ ಮೇಲೆ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಕ್ರಾಸ್ ಬೇರಿಂಗು ಬೇಗ ಸವೆಯುತ್ತದೆ, ವೇಗ ಹೆಚ್ಚಿದರೆ ಸ್ಟೀರಿಂಗು ಗಡಗಡ ನಡುಗುತ್ತದೆ. ದೊಡ್ಡ ಟೈರಿಗೆ ಹಳೇ ಡ್ರಮ್ ಬ್ರೇಕು ಸಾಲದು, ಡಿಸ್ಕ್ ಹಾಕಿಸಬೇಕು. ಅಕ್ಕನ ಭಾಷೆಯಲ್ಲಿ ಇದು ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಭಾವನ ಭಾಷೆಯಲ್ಲಿ "ಸೆಟಪ್ಪು".

ಆಮೇಲೆ ಮುಂದೆ ವಿಂಚು, ಮೇಲೆ ಲೈಟಿನ ಸಾಲು, ಪಕ್ಕದಲ್ಲಿ ಕಿಟಕಿ ಎತ್ತರಕ್ಕೆ ನಿಂತ ಸ್ನಾರ್ಕೆಲ್ಲು. ಡೀಸೆಲ್ ಇಂಜಿನ್ ಗಾಳಿಯ ಬದಲು ನೀರು ಎಳೆದುಕೊಂಡರೆ ಕತೆ ಮುಗಿಯಿತು. ನೀರು ಅದುಮಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಹಾಗಾಗಿ ಹೊಳೆ ದಾಟುವವರಿಗೆ ಅದು ಬೇಕು, ನಿಜ. ಭಾವನ ಜೀಪು ಇದುವರೆಗೆ ಕಂಡ ಅತಿ ಆಳದ ನೀರು ವಾಟರ್ ಸರ್ವಿಸ್ಸಿನ ಹೊಂಡದ್ದು. ಸ್ನಾರ್ಕೆಲ್ಲಿನ ತಲೆಯಲ್ಲಿ ಹೋದ ವರ್ಷ ಪಿಕಳಾರ ಗೂಡು ಕಟ್ಟಿತ್ತು. ಮರಿ ಹಾರುವವರೆಗೆ ಗಾಡಿ ಸ್ಟಾರ್ಟ್ ಮಾಡುವ ಹಾಗಿಲ್ಲವೆಂದು ಭಾವ ಆಜ್ಞೆ ಹೊರಡಿಸಿದರು. ಹೇಗೂ ಸೆಲ್ಫ್ ಮೋಟಾರು ರಿಪೇರಿಗೆ ಹೋಗಿತ್ತು, ಯಾರಿಗೂ ತೊಂದರೆಯಾಗಲಿಲ್ಲ.

ಈ ಶೃಂಗಾರಕ್ಕೆಲ್ಲ ಕಾನೂನಿನ ಕಣ್ಣು ಬೇರೆ ಬಿದ್ದಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿನ ಬುಲ್ ಬಾರ್ ತೆಗೆಸಿ ಎಂದು ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎತ್ತಿಕೊಂಡು, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಎಂದಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ಊರ್ಜಿತಗೊಳಿಸಿಕೊಳ್ಳಬೇಕು. ಅದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಎಂದರು. ದೆಹಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ರಸ್ತೆಯೇ ಇಲ್ಲ ಎಂದಾಗ ಇಲ್ಲಿನ ಮಠದಲ್ಲಿ ಒಂದು ವಾರ ಸೂತಕದ ಕಳೆ ಇತ್ತು. ಹೊಸ ಸುದ್ದಿ ಬಂದಾಗೆಲ್ಲ ಭಾವ ಪೇಪರನ್ನು ಅಕ್ಕನಿಗೆ ಸಿಗದ ಹಾಗೆ ಇಂಜಿನ್ ಒರೆಸಲು ಒಯ್ಯುತ್ತಾರೆ.

ಆರ್‌ಟಿಒ ತಪಾಸಣೆಯ ಹಿಂದಿನ ದಿನ ನೋಡಬೇಕು ತಮಾಷೆ. ಅಟ್ಟದಿಂದ ಸಣಕಲು ಟೈರುಗಳು ಇಳಿಯುತ್ತವೆ. ವಿಂಚು, ಲೈಟು, ಕಬ್ಬಿಣದ ಬಂಪರು ಎಲ್ಲ ಕಳಚಿ ಕೊಟ್ಟಿಗೆ ಸೇರುತ್ತವೆ. ರಾತ್ರಿಯಿಡೀ ರಂಗದ ಮೇಲೆ ಅಬ್ಬರಿಸಿದ ಬಣ್ಣದ ವೇಷದವನು ಬೆಳಿಗ್ಗೆ ಮುಖ ತೊಳೆದು ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿಯುತ್ತಾ ಕೂತರೆ ಹೇಗಿರುತ್ತಾನೋ, ಹಾಗೆ ಜೀಪು ಬಡಕಲಾಗಿ, ಸಭ್ಯವಾಗಿ ಚಿಕ್ಕಮಗಳೂರಿನ ಕಡೆ ಹೊರಡುತ್ತದೆ. ಅಕ್ಕ ಆ ದಿನ ಮಾತ್ರ ಹೊರಗೆ ಬಂದು ನೋಡಿ, "ಎಷ್ಟು ಚೆಂದ ಕಾಣ್ತಿದೆ ಇವತ್ತು, ಹಿಂಗೇ ಇಟ್ಕೋಬಾರ್ದಾ" ಎನ್ನುತ್ತಾಳೆ.

ವಿಂಟೇಜ್ ಎಂದು ಬರೆಸಿಕೊಂಡರೆ ಗೌರವವಾದರೂ ಸಿಗುತ್ತದಲ್ಲ ಎಂದು ನಾನೇ ಒಮ್ಮೆ ಸಲಹೆ ಕೊಟ್ಟೆ. 2021ರಲ್ಲಿ ಅದಕ್ಕೂ ನಿಯಮ ಬಂದಿದೆ. ಐವತ್ತು ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ನಂಬರಿನ ಮಧ್ಯೆ ವಿಎ ಎಂಬ ಎರಡು ಅಕ್ಷರ. ಷರತ್ತೇನೆಂದರೆ ಚಾಸಿ, ಬಾಡಿ, ಇಂಜಿನ್ನು ಗಣನೀಯವಾಗಿ ಬದಲಾಗಿರಬಾರದು. ಭಾವ ಷರತ್ತು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾಸಿ ನಂಬರ್ ಒರಿಜಿನಲ್ ಇದೆಯಲ್ಲ" ಎಂದರು.

ಇಷ್ಟೆಲ್ಲ ಯಾತಕ್ಕೆ? ನಾಲ್ಕೂ ಚಕ್ರ ತಿರುಗಲಿಕ್ಕೆ. ಭಾವ ಇದನ್ನು ಮನೆಗೆ ಬಂದ ಎಲ್ಲರಿಗೂ, ಮದುವೆ ಕರೆಯಲು ಬಂದವರಿಗೂ, ವಿವರಿಸುತ್ತಾರೆ. ಗೇರಿನ ಪಕ್ಕ ಎರಡು ಗಿಡ್ಡ ಕಡ್ಡಿ. ಒಂದು ಎಳೆದರೆ ಮುಂದಿನ ಚಕ್ರಕ್ಕೂ ಶಕ್ತಿ ಹೋಗುತ್ತದೆ. ಇನ್ನೊಂದು ಲೋ ಗೇರಿನದು, ಅದನ್ನು ಹಾಕಿದರೆ ಬಲ ಎರಡೂವರೆ ಪಟ್ಟು, ವೇಗ ಅಷ್ಟೇ ಕಮ್ಮಿ. ಅದಕ್ಕೂ ಮೊದಲು ಕೆಸರಿಗೆ ಇಳಿದು ಎರಡೂ ಮುಂಚಕ್ರದ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಟಾರು ರಸ್ತೆಯಲ್ಲಿ ಈ ನಾಲ್ಕು ಚಕ್ರದ ಶಕ್ತಿ ಹಾಕುವ ಹಾಗಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು, ಆದರೆ ಈ ಗಾಡಿಯಲ್ಲಿ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಕೆಸರಾದರೆ ಟೈರು ಜಾರಿ ಲೆಕ್ಕ ಸರಿಹೋಗುತ್ತದೆ, ಒಣ ರಸ್ತೆಯಲ್ಲಿ ಶಾಫ್ಟು, ಗೇರುಗಳೇ ತಿರುಚಿಕೊಂಡು ನರಳುತ್ತವೆ.

ಭಾವ ಹೇಳದೆ ಬಿಡುವ ಭಾಗ ಒಂದಿದೆ. ಮಾಮೂಲಿ ಡಿಫರೆನ್ಷಿಯಲ್ಲು ಶಕ್ತಿಯನ್ನು ಸುಲಭವಾಗಿ ತಿರುಗುವ ಚಕ್ರಕ್ಕೇ ಹರಿಸುತ್ತದೆ. ಗುಂಡಿಯಲ್ಲಿ ಮುಂದಿನ ಎಡಗಾಲು, ಹಿಂದಿನ ಬಲಗಾಲು ಗಾಳಿಗೆ ಎದ್ದವೋ, ಆ ಎರಡೂ ಗಿರಗಿರನೆ ತಿರುಗುತ್ತವೆ. ನೆಲ ಹಿಡಿದು ದುಡಿಯಬೇಕಾದ ಎರಡು ಸುಮ್ಮನೆ ನಿಂತಿರುತ್ತವೆ. ಅದಕ್ಕೆ ಮದ್ದು ಡಿಫ್ ಲಾಕು. ಅದು ಈಗ ಬೆಲೆ ವಿಚಾರಿಸುವ ಹಂತದಲ್ಲಿದೆ, ಅಕ್ಕನಿಗೆ ಇನ್ನೂ ತಿಳಿದಿಲ್ಲ, ಈ ಬರಹ ಅವಳ ಕೈಗೆ ಸಿಗದಿರಲಿ.

ಭಾವನ ಅಪ್ಪನ ಕಾಲದಲ್ಲಿ ಫೋರ್‌ವೀಲ್ ಹಾಕದೆ ಮನೆ ಮುಟ್ಟುವುದೇ ಆಗುತ್ತಿರಲಿಲ್ಲ. ಆಷಾಢದ ಮಳೆಯಲ್ಲಿ ಟೈರಿಗೆ ಕಬ್ಬಿಣದ ಚೈನು ಕಟ್ಟಿಕೊಂಡು, ಬಾಣಂತಿಯನ್ನೋ ಗೊಬ್ಬರದ ಚೀಲವನ್ನೋ ಹೇರಿಕೊಂಡು, ಜಾರುತ್ತಾ ಹತ್ತಬೇಕಿತ್ತು. ಅವರಿಗೆ ಜೀಪು ಎಂದರೆ ಕೆಸರಿನಿಂದ ಪಾರಾಗುವ ಉಪಾಯ. ಈಗ ಗೇಟಿನವರೆಗೆ ಕಾಂಕ್ರೀಟು ರಸ್ತೆ ಬಂದಿದೆ. ಅಕ್ಕ ಸ್ಕೂಟಿಯಲ್ಲಿ ಪೇಟೆಗೆ ಹೋಗಿ ಬರುತ್ತಾಳೆ. ಜೀಪಿಗೆ ಮಾಡಲು ಕೆಲಸವಿಲ್ಲ. ಹಾಗಾಗಿ ಜೂನ್ ಬಂದರೆ ಮಠದವರೆಲ್ಲ ಸೇರಿ ಕೆಸರು ಹುಡುಕಿಕೊಂಡು ಹೊರಡುತ್ತಾರೆ. ಯಾರ ಗದ್ದೆ ಪಾಳು ಬಿದ್ದಿದೆ, ಯಾರ ತೋಟದ ಹಿಂದೆ ಹಳ್ಳ ಇದೆ ಎಂದು ವಾರಗಟ್ಟಲೆ ಫೋನು. ರಸ್ತೆ ಮಾಡಿಸಿ ಎಂದು ಎಂಎಲ್‌ಎ ಮನೆಗೆ ಅಲೆದವರ ಮಕ್ಕಳು ರಸ್ತೆ ಇಲ್ಲದ ಜಾಗಕ್ಕೆ ದುಡ್ಡು ಕೊಟ್ಟು ಹೋಗುತ್ತಿದ್ದಾರೆ.

ಅಲ್ಲಿ ಹೂತುಕೊಳ್ಳುವುದೇ ಹಬ್ಬ. ಹೂತುಕೊಳ್ಳದೆ ದಾಟಿದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗಾಡಿ ಅಚ್ಚಿನವರೆಗೆ ಮುಳುಗಿತೋ, ಇಪ್ಪತ್ತು ಜನ ಇಪ್ಪತ್ತು ಸಲಹೆ. ಒಬ್ಬ ಟೈರಿನ ಗಾಳಿ ಬಿಡು ಎನ್ನುತ್ತಾನೆ. ಅದೊಂದು ಸರಿಯಾದ ಸಲಹೆ, ಟೈರು ಅಗಲವಾಗಿ ಹಿಡಿತ ಹೆಚ್ಚುತ್ತದೆ. ಆದ್ದರಿಂದಲೇ ಯಾರೂ ಕೇಳುವುದಿಲ್ಲ. ವಿಂಚಿನ ಹಗ್ಗ ಎಳೆದು ಮರಕ್ಕೆ ಬೆಲ್ಟು ಸುತ್ತುತ್ತಾರೆ. ಮರ ಸಿಲ್ವರ್ ಓಕು, ಅದರ ಮೇಲೆ ಮೆಣಸಿನ ಬಳ್ಳಿ. ತೋಟದ ಯಜಮಾನ "ಬಳ್ಳಿ ಬಳ್ಳಿ" ಎಂದು ಓಡಿ ಬರುತ್ತಾನೆ. ಬ್ಯಾಟರಿ ಇಳಿಯುತ್ತದೆ. ಇಂಬಳಗಳು ಈ ಹೊತ್ತಿಗೆ ಎಲ್ಲರ ಕಾಲಿನಲ್ಲಿ ಊಟ ಮುಗಿಸಿರುತ್ತವೆ. ಕೊನೆಗೆ ಪಕ್ಕದ ತೋಟದ ಹುಡುಗ, ಹಿಂದಿನ ಎರಡೇ ಚಕ್ರ ಎಳೆಯುವ ಹಳೇ ಟ್ರ್ಯಾಕ್ಟರ್ ತಂದು, ಮೊಬೈಲಿನಲ್ಲಿ ಮಾತಾಡುತ್ತಲೇ ಎಳೆದು ಹಾಕಿ, ಐನೂರು ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ಇವನ ಫೋಟೋ ಯಾರೂ ತೆಗೆಯುವುದಿಲ್ಲ.

ನಿಜವಾಗಿ ಜೀಪು ಓಡಿಸುವವರು ಬೇರೆ ಕಡೆ ಇದ್ದಾರೆ. ಕೊಡಚಾದ್ರಿಗೆ ಜನ ಹತ್ತಿಸುವವರು, ಮಡಿಕೇರಿಯ ಹತ್ತಿರ ಮಾಂದಲಪಟ್ಟಿಗೆ ಹತ್ತಿಸುವವರು. ಅವರ ಗಾಡಿಗೆ ಸ್ನಾರ್ಕೆಲ್ಲಿಲ್ಲ, ವಿಂಚಿಲ್ಲ, ಕೆಲವಕ್ಕೆ ಬಾಗಿಲೂ ಇಲ್ಲ. ಸೀಟಿನ ರೆಕ್ಸಿನ್ ಹರಿದು ತೆಂಗಿನ ನಾರು ಕಾಣುತ್ತಿರುತ್ತದೆ. ಬೆಂಗಳೂರಿನ ಎಂಟು ಜನರನ್ನು ತುಂಬಿಕೊಂಡು, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ನಾವು ನಡೆಯಲು ಹೆದರುವ ಕಲ್ಲಿನ ಮೇಲೆ ಮೇಲಕ್ಕೇರಿಸುತ್ತಾರೆ. ಭಾವ ಒಮ್ಮೆ ತಮ್ಮ ಶೃಂಗಾರದ ಜೀಪನ್ನು ಅಲ್ಲಿ ನಿಲ್ಲಿಸಿ ಗಂಭೀರವಾಗಿ ಬಾನೆಟ್ ಎತ್ತಿದರು. ಒಬ್ಬ ಡ್ರೈವರ್ ಬಂದು ಸುತ್ತ ನೋಡಿ, ಸ್ನಾರ್ಕೆಲ್ ತಟ್ಟಿ, "ಇದೆಂತ ಸಾರ್, ಅಡುಗೆಮನೆ ಚಿಮಣಿಯಾ?" ಎಂದು ಕೇಳಿದ. ಭಾವ ಆ ಕಡೆ ಮತ್ತೆ ಹೋಗಿಲ್ಲ.

ಜಿಪ್ಸಿಯವರ ಸುದ್ದಿ ಬಾಕಿ ಇತ್ತು. 1985ರ ಕೊನೆಗೆ 970 ಸಿಸಿಯ ಪುಟ್ಟ ಇಂಜಿನ್ನಿನೊಂದಿಗೆ ಬಂದು, 1996ರಲ್ಲಿ 1.3 ಲೀಟರಿನ 'ಕಿಂಗ್' ಆಗಿ, 2019ರ ಹೊತ್ತಿಗೆ ಸಾಮಾನ್ಯ ಗಿರಾಕಿಗಳಿಗೆ ಮಾರುವುದು ನಿಂತುಹೋದ ಗಾಡಿ. ಹಗುರ, ಪೆಟ್ರೋಲು, ಕೆಸರಿನ ಮೇಲೆ ತೇಲಿಕೊಂಡು ಹೋಗುತ್ತದೆ, ಸೈನ್ಯ ಸುಮ್ಮನೆ ಅಷ್ಟೊಂದು ಕೊಳ್ಳಲಿಲ್ಲ. ಸ್ಪ್ರಿಂಗು ಮಾತ್ರ ಕಲ್ಲು. ಹಿಂದೆ ಅಡ್ಡ ಸೀಟಿನಲ್ಲಿ ಕೂತವರು ಹಂಪು ಬಂದಾಗ ತಲೆಯಲ್ಲಿ ಟಾಪು ಮುಟ್ಟಿ ಬರುತ್ತಾರೆ. ಜಿಪ್ಸಿಯವರು ಜೀಪಿನವರನ್ನು "ಟ್ರ್ಯಾಕ್ಟರಿನವರು" ಎನ್ನುತ್ತಾರೆ, ಜೀಪಿನವರು ಅವರನ್ನು "ಹೊಲಿಗೆ ಮಿಷನ್ನು" ಎನ್ನುತ್ತಾರೆ. ಎರಡೂ ಬಣ ಒಂದಾಗುವುದು ಹೊಸ ಥಾರ್ ಗೇಟಿನೊಳಗೆ ಬಂದಾಗ. ಎಸಿ, ಟಚ್ ಸ್ಕ್ರೀನು, ಸೋರದ ಟಾಪು. "ಅದು ಕಾರು ಬಿಡು ಮಾರಾಯ" ಎಂದು ಇಬ್ಬರೂ ಮುಖ ತಿರುಗಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಸಂಬಂಧಿಕರ ಮದುವೆಗೆ ಹೋಗುವಾಗ, ಹುಡ್ಡಿನ ತೂತಿನಿಂದ ಅಕ್ಕನ ರೇಷ್ಮೆ ಸೀರೆಯ ಮೇಲೆ ನೀರು ಬಿದ್ದು, ದಾರಿಯಲ್ಲಿ ಸಿಕ್ಕಿದ ನೆಂಟರ ಥಾರಿಗೆ ಅವಳು ಹತ್ತಿದಳು. ಭಾವ ಜೀಪಿನಲ್ಲೇ ಒಬ್ಬರೇ, ನೆನೆಯುತ್ತಾ, ತಲೆ ಎತ್ತಿ ಬಂದರು.

ಮೊನ್ನೆ ನಾನು ಹೋದಾಗ ಅಂಗಳ ಖಾಲಿ. ಗೋಣಿಚೀಲದ ಮೇಲೆ ಒಂದು ನಟ್ಟೂ ಇಲ್ಲ. ಜೀಪು ಪೂರ್ತಿ ಆಗಿದೆ ಎಂದರು. ಭಾನುವಾರ ಮಠದವರೆಲ್ಲ ಬಂದಿದ್ದರು: ರಿಟೈರ್ಡ್ ಹೆಡ್‌ಮಾಸ್ತರು, ಎಫ್ ಹುಡುಕುವವರು, ಪಶುವೈದ್ಯರು. ಈ ವೈದ್ಯರು ಎಮ್ಮೆ ನೋಡಿ ಬಂದ ಸ್ಟೆತಾಸ್ಕೋಪನ್ನು ಇಂಜಿನ್ ಬ್ಲಾಕಿಗೂ ಇಟ್ಟು ಕೇಳುವವರು. ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ನಡುಕ ಇಲ್ಲ. ಕೆಳಗೆ ಕಾರ್ಡ್‌ಬೋರ್ಡ್ ಹಾಸಿ ನೋಡಿದರು, ಒಂದು ತೊಟ್ಟೂ ಇಲ್ಲ. ಎಲ್ಲರೂ "ಸೂಪರ್" ಎಂದರು, ಆಮೇಲೆ ಏನು ಮಾತಾಡುವುದೆಂದು ಯಾರಿಗೂ ಹೊಳೆಯಲಿಲ್ಲ. ಹೆಡ್‌ಮಾಸ್ತರು ವಾಚು ನೋಡಿಕೊಂಡರು. ಮೇಸ್ತ್ರಿ, ನಂದೇನು ಕೆಲಸ ಇಲ್ಲಿ ಎನ್ನುವಂತೆ ಪಾನಾ ಒರೆಸುತ್ತಾ ನಿಂತ. ಭಾವನ ಮುಖ ನೋಡಿದರೆ ಮಗಳನ್ನು ಗಂಡನ ಮನೆಗೆ ಕಳಿಸಿದ ದಿನ ನೆನಪಾಗುತ್ತಿತ್ತು.

ಒಂದು ರೌಂಡು ಹೋಗಿ ಬರೋಣ ಎಂದು ಹೊರಟೆವು. ಗೇಟು ದಾಟಿ ತಿರುವಿನಲ್ಲಿ ಎಲ್ಲಿಂದಲೋ 'ಟಿಣಿಕ್' ಎಂದಿತು. ಭಾವ ಬ್ರೇಕ್ ಒತ್ತಿದರು. ಮತ್ತೆ 'ಟಿಣಿಕ್'. ವೈದ್ಯರು ಮುಂದಕ್ಕೆ ಬಗ್ಗಿದರು. "ಟ್ರಾನ್ಸ್‌ಫರ್ ಕೇಸಿಂದ ಬಂತು." "ಇಲ್ಲ, ಗೇರ್‌ಬಾಕ್ಸು, ಥರ್ಡಲ್ಲಿ ಮಾತ್ರ." ಒಬ್ಬೊಬ್ಬರ ಕಣ್ಣಿಗೂ ಜೀವ ಬಂತು. ಹೆಡ್‌ಮಾಸ್ತರು ವಾಚಿನ ಕೈಯನ್ನು ಜೇಬಿಗೆ ಹಾಕಿಕೊಂಡರು. ವಾಪಸ್ ಬಂದು ಅಂಗಳದಲ್ಲಿ ನಿಲ್ಲಿಸುವ ಮೊದಲೇ ಮೇಸ್ತ್ರಿ ಜಾಕಿ ತಂದಿದ್ದ. ಊಟದ ಹೊತ್ತಿಗೆ ಗೇರ್‌ಬಾಕ್ಸು ಗೋಣಿಚೀಲದ ಮೇಲಿತ್ತು. ಹಲ್ಲು ಹಲ್ಲು ನೋಡಿದರು, ಏನೂ ಆಗಿರಲಿಲ್ಲ. ಸೀಟಿನ ಕೆಳಗೆ ಬಿದ್ದಿದ್ದ ಬಟ್ಟೆ ತೆಗೆಯಲು ಹೋದ ಹುಡುಗನ ಕೈಗೆ ಸ್ಟೀಲಿನ ಡಬ್ಬಿಯ ಮುಚ್ಚಳ ಸಿಕ್ಕಿತು. ಅವನು ಅಲ್ಲಾಡಿಸಿದ. ಟಿಣಿಕ್.

ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮೇಸ್ತ್ರಿ ಆಕಾಶ ನೋಡಿ ಬೀಡಿ ಹಚ್ಚಿದ. ಕ್ಲಚ್ ಪ್ಲೇಟಿನ ಮಾತು ಶುರುವಾಯಿತು.

ಅಕ್ಕ ಕಾಫಿ ತಟ್ಟೆ ಹಿಡಿದು ಬಂದವಳು ಮುಚ್ಚಳ ನೋಡಿದಳು. "ಅಯ್ಯೋ, ಇದನ್ನ ಎಷ್ಟು ದಿನದಿಂದ ಹುಡುಕ್ತಿದ್ದೆ. ಇದರ ಡಬ್ಬಿನೂ ಕಾಣ್ತಿಲ್ಲ. ಅದಕ್ಕೆ ಇಂಜಿನ್ ಇಳಿಸಬೇಕಾಗುತ್ತೋ ಏನೋ, ನೋಡಿ" ಎಂದು ಮುಚ್ಚಳ ಎತ್ತಿಕೊಂಡು ಒಳಗೆ ಹೋದಳು.

ಭಾವ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಇಂಜಿನ್ನಿನ ಕಡೆ ನೋಡುತ್ತಿದ್ದ.